ಪ್ಯಾರಿಸ್ಸಿನ ಜನರಲ್ಲು, ಬಾಸ್ಟನ್ನಿನ ದುಡ್ಡು

ವೆಂಚರ್ ಕ್ಯಾಪಿಟಲ್ ಅನ್ನುವುದಕ್ಕೆ ನಮ್ಮ ಪತ್ರಿಕೆಗಳು ‘ಸಾಹಸ ಬಂಡವಾಳ’ ಎಂದು ಬರೆಯುತ್ತವೆ. ಚೆನ್ನಾಗಿದೆ. ಹೊರಟು ನಿಂತವನ ಹುಮ್ಮಸ್ಸು ಆ ಪದದಲ್ಲಿದೆ. ಫ್ರೆಂಚರು ಇದೇ ಹಣವನ್ನು ‘ಕಾಪಿತಾಲ್-ರಿಸ್ಕ್’ ಅನ್ನುತ್ತಾರೆ. ಅಂದರೆ ಅಪಾಯದ ಬಂಡವಾಳ! ಒಬ್ಬರಿಗೆ ಸಾಹಸವಾಗಿ ಕಂಡದ್ದು ಇನ್ನೊಬ್ಬರಿಗೆ ಅಪಾಯವಾಗಿ ಕಂಡಿದೆ. ಒಂದು ಪದ ಹಿಡಿದುಕೊಂಡು ಒಂದು ದೇಶದ ಸ್ವಭಾವ ಹೇಳುವುದು ಸ್ವಲ್ಪ ಅತಿಯಾಯಿತು, ನಿಜ. ಆದರೆ ಹಳೆಯ ಕಂಪ್ಯೂಟರುಗಳ ಚರಿತ್ರೆ ಓದುವ ಚಟದಿಂದ ಹೋಗಿ ಹೋಗಿ ಫ್ರಾನ್ಸಿನ ದುಡ್ಡಿನ ಚರಿತ್ರೆಗೆ ಬಂದು ಬಿದ್ದ ನನಗೆ ಈ ಪದವೇ ಮತ್ತೆ ಮತ್ತೆ ನೆನಪಾಗುತ್ತದೆ.

ಇದರಲ್ಲಿ ದೊಡ್ಡ ತಮಾಷೆ ಏನು ಗೊತ್ತೇ? ಈ ಸಾಹಸ ಬಂಡವಾಳ ಎಂಬ ಕಸುಬನ್ನು ಈಗಿನ ರೂಪದಲ್ಲಿ ಶುರು ಮಾಡಿದವರಲ್ಲಿ ಮೊದಲ ಹೆಸರು ಒಬ್ಬ ಫ್ರೆಂಚನದು. ಜಾರ್ಜ್ ಡೊರಿಯೊ. 1899ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದವರು. ಅಪ್ಪ ಒಗ್ಯೂಸ್ತ್ ಡೊರಿಯೊ ಪೆಜೋ ಕಂಪನಿಯ ಎಂಜಿನಿಯರು, ಮೋಟಾರು ಕಾರಿನ ಬಾಲ್ಯಕಾಲದಲ್ಲಿ ಅದನ್ನು ಊರಿಂದೂರಿಗೆ ಓಡಿಸಿ ತೋರಿಸಿದವರು, ಆಮೇಲೆ ಸ್ವಂತ ಕಾರು ಕಂಪನಿಯನ್ನೂ ಕಟ್ಟಿದವರು. ಮಗ 1921ರಲ್ಲಿ ಅಮೆರಿಕಕ್ಕೆ ಹೋಗಿ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಸೇರಿದರು, ಅಲ್ಲೇ ಮೇಷ್ಟ್ರಾದರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೆ ಬೂಟು, ಬಟ್ಟೆ, ಊಟ ಇತ್ಯಾದಿ ಸಾಮಗ್ರಿಗಳ ಯೋಜನೆ ಮಾಡುವ ಕೆಲಸ ಅವರದ್ದು. ಯುದ್ಧ ಮುಗಿಯುವಷ್ಟರಲ್ಲಿ ಬ್ರಿಗೇಡಿಯರ್ ಜನರಲ್. ಆಮೇಲೆ ಸಾಯುವ ತನಕ (1987) ಎಲ್ಲರ ಬಾಯಲ್ಲೂ ಅವರು ‘ಜನರಲ್’ ಡೊರಿಯೊ.

1946ರಲ್ಲಿ ಬಾಸ್ಟನ್ನಿನಲ್ಲಿ ಅಮೆರಿಕನ್ ರಿಸರ್ಚ್ ಅಂಡ್ ಡೆವಲಪ್‌ಮೆಂಟ್ ಎಂಬ ಕಂಪನಿ ಹುಟ್ಟಿತು. ಎಂಐಟಿಯ ಅಧ್ಯಕ್ಷ ಕಾರ್ಲ್ ಕಾಂಪ್ಟನ್, ಬ್ಯಾಂಕರು ರಾಲ್ಫ್ ಫ್ಲ್ಯಾಂಡರ್ಸ್ ಜೊತೆಗಿದ್ದರು, ನಡೆಸಿದವರು ಡೊರಿಯೊ. ಯುದ್ಧಕಾಲದಲ್ಲಿ ಪ್ರಯೋಗಾಲಯಗಳಲ್ಲಿ ಏನೇನೋ ಹೊಸ ಸಂಗತಿ ಕಂಡುಹಿಡಿದಿದ್ದಾರೆ. ಅದನ್ನು ಹಿಡಿದುಕೊಂಡು ಕಂಪನಿ ಮಾಡೋಣ ಅಂತ ಹೊರಟ ಹುಡುಗರ ಹತ್ತಿರ ಅಡ ಇಡಲು ಮನೆ ಇಲ್ಲ, ಜಮೀನಿಲ್ಲ. ಬ್ಯಾಂಕು ಸಾಲ ಕೊಡುವುದಿಲ್ಲ. ಅಂಥವರಿಗೆ ಸಾಲ ಕೊಡುವ ಬದಲು ಪಾಲುದಾರರಾಗಿ ದುಡ್ಡು ಹಾಕುವುದು, ಜೊತೆಗೆ ಕೂತು ಬುದ್ಧಿ ಹೇಳುವುದು, ಹತ್ತು ವರ್ಷ ಕಾಯುವುದು. ಇದಿಷ್ಟೇ ಉಪಾಯ. ಮಹಾ ವಿದ್ಯೆಯೇನಲ್ಲ. ಕಾಯುವುದೊಂದು ಮಾತ್ರ ಕಷ್ಟ.

1957ರಲ್ಲಿ ಎಂಐಟಿಯ ಲಿಂಕನ್ ಪ್ರಯೋಗಾಲಯದಿಂದ ಕೆನ್ ಓಲ್ಸನ್ ಮತ್ತು ಹಾರ್ಲನ್ ಆಂಡರ್ಸನ್ ಎಂಬ ಇಬ್ಬರು ಎಂಜಿನಿಯರುಗಳು ಇವರ ಹತ್ತಿರ ಬಂದರು. ‘ಕಂಪ್ಯೂಟರ್’ ಎಂಬ ಪದವನ್ನೇ ಎತ್ತಬೇಡಿ, ಅದರಲ್ಲಿ ಎಲ್ಲರೂ ನಷ್ಟ ಮಾಡಿಕೊಳ್ಳುತ್ತಿದ್ದಾರೆ ಅಂತ ಅವರಿಗೆ ಮೊದಲೇ ಕಿವಿಮಾತು ಹೇಳಲಾಗಿತ್ತಂತೆ. ಜನರಲ್ ಕಂಪನಿ ಹಾಕಿದ್ದು 70 ಸಾವಿರ ಡಾಲರು. ಬದಲಿಗೆ ಸಿಂಹಪಾಲು ಷೇರು. ಮೇನಾರ್ಡ್ ಎಂಬ ಊರಿನ ಹಳೆಯ ಉಣ್ಣೆ ಗಿರಣಿಯಲ್ಲಿ ಶುರುವಾದ ಆ ಕಂಪನಿಯೇ ಡಿಜಿಟಲ್ ಈಕ್ವಿಪ್‌ಮೆಂಟ್, ಚಿಕ್ಕದಾಗಿ ಡೆಕ್. ಬೆಂಗಳೂರಿನ ಹಳೆಯ ಕಂಪ್ಯೂಟರ್ ಮಂದಿಗೆ ಪಿಡಿಪಿ-11, ವ್ಯಾಕ್ಸ್ ಅಂದರೆ ಈಗಲೂ ಕಣ್ಣು ಅರಳುತ್ತದೆ, ಅದೇ ಡೆಕ್. 1972ರಲ್ಲಿ ಡೊರಿಯೊ ತಮ್ಮ ಕಂಪನಿಯನ್ನು ಟೆಕ್ಸ್‌ಟ್ರಾನ್‌ಗೆ ಸೇರಿಸಿ ಕೈತೊಳೆದುಕೊಳ್ಳುವ ಹೊತ್ತಿಗೆ ಆ 70 ಸಾವಿರದ ಬೆಲೆ 35 ಕೋಟಿ ಡಾಲರನ್ನು ದಾಟಿತ್ತು. ಒಂದು ಗಿಡ ಹಿಡಿದರೆ ಸಾಕು, ಉಳಿದ ತೋಟ ಒಣಗಿದರೂ ನಡೆಯುತ್ತದೆ ಎಂಬ ಲೆಕ್ಕಾಚಾರ ಜಗತ್ತಿಗೆ ಗೊತ್ತಾದದ್ದು ಆಗ.

ಈಗ ಅಟ್ಲಾಂಟಿಕ್ ದಾಟಿ ಈಚೆ ಬನ್ನಿ. ಅದೇ 1972.

ಫ್ರಾನ್ಸಿನ ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆ ‘ಇನ್ರಾ’. ಹೊಲದ ಮಣ್ಣಿನಿಂದ, ಎಲೆಗಳಿಂದ ಎಷ್ಟು ನೀರು ಆವಿಯಾಗಿ ಹೋಗುತ್ತದೆ ಅಂತ ಅಳೆಯಲು ಅವರಿಗೊಂದು ಕಂಪ್ಯೂಟರು ಬೇಕಿತ್ತು. ಸಹಜವಾಗಿ ಕಣ್ಣು ಹೋದದ್ದು ಡೆಕ್‌ನ ಪಿಡಿಪಿ-8ರ ಮೇಲೆ. ಆದರೆ ಬೆಲೆ ಕೈಗೆಟುಕುವುದಿಲ್ಲ. ಆಗ ಆರ್2ಇ ಎಂಬ ಪುಟ್ಟ ಕಂಪನಿ, ನಾವು ಐದನೇ ಒಂದು ಪಾಲು ಬೆಲೆಗೆ ಮಾಡಿಕೊಡುತ್ತೇವೆ ಅಂತ ಒಪ್ಪಿಕೊಂಡಿತು. ಕಂಪನಿಯ ಯಜಮಾನ ಆಂದ್ರೆ ತ್ರುವಾಂಗ್, ವಿಯೆಟ್ನಾಮಿನಿಂದ ಬಂದು ನೆಲೆಸಿದವರು. ಯಂತ್ರದ ತಲೆ ಫ್ರಾಂಸ್ವಾ ಗೆರ್ನೆಲ್ ಎಂಬ ಎಂಜಿನಿಯರು. ಇಂಟೆಲ್ ಆಗಷ್ಟೇ ಹೊರತಂದಿದ್ದ 8008 ಎಂಬ ಚಿಪ್ಪನ್ನು ಇಟ್ಟುಕೊಂಡು ಯಂತ್ರ ಕಟ್ಟಬಹುದು ಅಂತ ಅವರಿಗೆ ಹೊಳೆದಿತ್ತು. ಪ್ಯಾರಿಸ್ಸಿನ ಹೊರವಲಯದ ಶಾತ್ನೆ-ಮಲಾಬ್ರಿಯ ಒಂದು ನೆಲಮಾಳಿಗೆಯಲ್ಲಿ ನಾಲ್ಕು ಜನ ದಿನಕ್ಕೆ ಹದಿನೆಂಟು ಗಂಟೆ ದುಡಿದರು. 1973ರ ಜನವರಿಯಲ್ಲಿ ಯಂತ್ರ ಇನ್ರಾ ಕೈಸೇರಿತು. ಹೆಸರು ಮಿಕ್ರಾಲ್-ಎನ್, ಬೆಲೆ 8,500 ಫ್ರಾಂಕು.

ಕಿಟ್ ತಂದು ನಾವೇ ಬೆಸುಗೆ ಹಾಕಿಕೊಳ್ಳುವಂಥದ್ದಲ್ಲ, ಪೂರ್ತಿ ಜೋಡಿಸಿದ, ಮೈಕ್ರೊಪ್ರೊಸೆಸರ್ ಇರುವ, ಮಾರಾಟಕ್ಕಿಟ್ಟ ಮೊದಲ ಪರ್ಸನಲ್ ಕಂಪ್ಯೂಟರು ಇದೇ ಅಂತ 1986ರಲ್ಲಿ ಬಾಸ್ಟನ್ನಿನ ಕಂಪ್ಯೂಟರ್ ಮ್ಯೂಸಿಯಂ ತೀರ್ಪು ಕೊಟ್ಟಿತು. ಹೋಗಿ ಹೋಗಿ ಬಾಸ್ಟನ್! ಆಲ್ಟೇರ್ ಬಂದದ್ದು 1975ರಲ್ಲಿ, ಆಪಲ್ ಆಮೇಲೆ.

ಇಲ್ಲಿ ಸ್ವಲ್ಪ ನಿಂತು ನೋಡಿ. ಪ್ಯಾರಿಸ್ಸಿನವನೊಬ್ಬ ಬಾಸ್ಟನ್ನಿನಲ್ಲಿ ದುಡ್ಡು ಹಾಕಿದ್ದರಿಂದ ಪಿಡಿಪಿ-8 ಹುಟ್ಟಿತು. ಅದನ್ನು ಕೊಳ್ಳಲಾಗದ ಪ್ಯಾರಿಸ್ಸಿನವರು ಅದಕ್ಕಿಂತ ಅಗ್ಗದ್ದನ್ನು ತಾವೇ ಮಾಡಿದರು. ಅದರೊಳಗಿನ ಚಿಪ್ಪು ಇಂಟೆಲ್‌ನದು. ಆ ಇಂಟೆಲ್‌ಗೂ 1968ರಲ್ಲಿ ಆರ್ಥರ್ ರಾಕ್ ಎಂಬ ಸಾಹಸ ಬಂಡವಾಳಗಾರ 25 ಲಕ್ಷ ಡಾಲರು ಕೂಡಿಸಿಕೊಟ್ಟಿದ್ದ. ಈ ಸರಪಳಿಯಲ್ಲಿ ಹೀಗೆ ಕಾಯುವ ದುಡ್ಡು ಯಾರೂ ಹಾಕದೇ ಇದ್ದದ್ದು ಒಂದೇ ಕೊಂಡಿಗೆ: ನೆಲಮಾಳಿಗೆಯ ಆ ಆರ್2ಇಗೆ. ಮಿಕ್ರಾಲ್‌ಗಳು ಹೆದ್ದಾರಿಯ ಟೋಲ್ ಕಟ್ಟೆಗಳಲ್ಲಿ, ಕಾರ್ಖಾನೆಗಳ ಯಂತ್ರ ನಿಯಂತ್ರಣದಲ್ಲಿ ಒಂದಷ್ಟು ಕೆಲಸ ಮಾಡಿದವು. 1970ರ ದಶಕದ ಕೊನೆಗೆ ಕಂಪನಿಯನ್ನು ಬುಲ್ ಎಂಬ ದೊಡ್ಡ ಸಂಸ್ಥೆ ನುಂಗಿತು. ಮುಗಿಯಿತು ಕಥೆ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ಫ್ರೆಂಚಿನಲ್ಲೂ ಇರಲೇಬೇಕು.

ಹಾಗಾದರೆ ಫ್ರಾನ್ಸಿನಲ್ಲಿ ದುಡ್ಡಿರಲಿಲ್ಲವೇ? ಧಾರಾಳವಾಗಿತ್ತು. ಕಂಪ್ಯೂಟರಿಗೂ ಇತ್ತು. 1964ರಲ್ಲಿ ಅವರ ಹೆಮ್ಮೆಯ ಬುಲ್ ಕಂಪನಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪಾಲಾಗಿತ್ತು. ಅಣುಬಾಂಬಿನ ಲೆಕ್ಕಕ್ಕೆ ಬೇಕಾದ ಭಾರಿ ಕಂಪ್ಯೂಟರನ್ನು ಮಾರಲು ಅಮೆರಿಕ ತಕರಾರು ತೆಗೆದಿತ್ತು. ದ ಗಾಲ್ ಅಂಥ ಸ್ವಾಭಿಮಾನಿಗೆ ಇದಕ್ಕಿಂತ ಅವಮಾನ ಬೇಕೇ? 1966ರಲ್ಲಿ ‘ಪ್ಲಾನ್ ಕಾಲ್ಕ್ಯೂಲ್’ ಅಂತ ದೊಡ್ಡ ಸರ್ಕಾರಿ ಯೋಜನೆ ಹಾಕಿ, ಸಿಐಐ ಎಂಬ ರಾಷ್ಟ್ರೀಯ ಕಂಪ್ಯೂಟರ್ ಕಂಪನಿಯನ್ನೇ ಕಟ್ಟಿದರು. ದುಡ್ಡೆಲ್ಲ ಅಂಥ ಆನೆಗಳಿಗೆ ಹೋಯಿತು. ನೆಲಮಾಳಿಗೆಯ ನಾಲ್ಕು ಜನ ಯಾರ ಪಟ್ಟಿಯಲ್ಲೂ ಇರಲಿಲ್ಲ. ಕಾಂಕಾರ್ಡ್, ಅಣುವಿದ್ಯುತ್ತು, ಟಿಜಿವಿ ರೈಲು ಇವನ್ನೆಲ್ಲ ಅದೇ ಕ್ರಮದಲ್ಲಿ ಮಾಡಿ ಗೆದ್ದ ದೇಶ ಅದು. (ಕಾಂಕಾರ್ಡ್ ಗೆದ್ದಿತೇ ಅಂತ ಕೇಳಬೇಡಿ, ಹಾರಿತು ಅಷ್ಟೇ.) ಆ ಕ್ರಮ ಮೂರ್ಖತನದ್ದು ಅಂತ ನಾನು ಹೇಳುವುದಿಲ್ಲ. ಆದರೆ ರೈಲು ಎಲ್ಲಿಗೆ ಹೋಗಬೇಕು ಅಂತ ಮೊದಲೇ ಗೊತ್ತಿರುತ್ತದೆ. 8008 ಚಿಪ್ಪು ಎಲ್ಲಿಗೆ ಹೋಗುತ್ತದೆ ಅಂತ 1973ರಲ್ಲಿ ಯಾವ ಮಂತ್ರಾಲಯಕ್ಕೆ ಗೊತ್ತಿತ್ತು?

ಇನ್ನೊಂದು ಕಾರಣವೇ ನನ್ನ ದೃಷ್ಟಿಯಲ್ಲಿ ದೊಡ್ಡದು. ಅದಕ್ಕೂ ವಿಜ್ಞಾನಕ್ಕೂ ಸಂಬಂಧವೇ ಇಲ್ಲ. ಅದು ಪಿಂಚಣಿ.

ಅಮೆರಿಕದಲ್ಲಿ ನೌಕರರ ಪಿಂಚಣಿ ಹಣ ನಿಧಿಗಳಲ್ಲಿ ಕೂಡಿ ಬೀಳುತ್ತದೆ. ಇಪ್ಪತ್ತು ಮೂವತ್ತು ವರ್ಷ ಯಾರೂ ಮುಟ್ಟುವುದಿಲ್ಲ. 1979ರಲ್ಲಿ ಅಲ್ಲಿನ ಕಾರ್ಮಿಕ ಇಲಾಖೆ, ಆ ನಿಧಿಯ ಒಂದು ಚಿಕ್ಕ ಪಾಲನ್ನು ಇಂಥ ಅಪಾಯದ ಕಡೆ ಹಾಕಿದರೆ ಅದು ಅವಿವೇಕ ಅನ್ನಿಸಿಕೊಳ್ಳುವುದಿಲ್ಲ ಅಂತ ನಿಯಮವನ್ನು ಸ್ಪಷ್ಟಪಡಿಸಿತು. ಅಷ್ಟೇ, ತೂಬು ತೆರೆದಂತಾಯಿತು. ಸಿಲಿಕಾನ್ ಕಣಿವೆಯ 1980ರ ದಶಕದ ದುಡ್ಡಿನ ದೊಡ್ಡ ಪಾಲು ಮೇಷ್ಟ್ರುಗಳ, ಪೊಲೀಸರ, ಕಾರ್ಖಾನೆ ಕೆಲಸಗಾರರ ಪಿಂಚಣಿ ಹಣ.

ಫ್ರಾನ್ಸಿನಲ್ಲಿ ಆ ಕೆರೆಯೇ ಇಲ್ಲ. ಎರಡನೇ ಮಹಾಯುದ್ಧದ ನಂತರ ಅವರು ಆರಿಸಿಕೊಂಡ ಪದ್ಧತಿಯಲ್ಲಿ ಇವತ್ತು ದುಡಿಯುವವರ ಸಂಬಳದಿಂದ ಮುರಿದದ್ದು ಇವತ್ತಿನ ವೃದ್ಧರಿಗೆ ಹೋಗುತ್ತದೆ. ಈ ಕೈಯಿಂದ ಬಂದದ್ದು ಆ ಕೈಗೆ. ಕೂಡಿಡುವುದು ಅಂತ ಹೆಚ್ಚೇನೂ ಇಲ್ಲ. ಅದು ಅವರ ಸಮಾಜ ಬಹಳ ಪ್ರೀತಿಯಿಂದ ಕಾಪಾಡಿಕೊಂಡು ಬಂದ ಏರ್ಪಾಡು; 2023ರಲ್ಲಿ ನಿವೃತ್ತಿ ವಯಸ್ಸನ್ನು 62ರಿಂದ 64ಕ್ಕೆ ಏರಿಸಲು ಹೊರಟಾಗ ತಿಂಗಳುಗಟ್ಟಲೆ ಬೀದಿಗಿಳಿದರಲ್ಲ, ನೋಡಿರಬೇಕು ನೀವು. ಯಾರೂ ಅದನ್ನು ಸ್ಟಾರ್ಟಪ್‌ಗಳಿಗೆ ತೊಂದರೆ ಕೊಡಲೆಂದು ಮಾಡಲಿಲ್ಲ. ಆದರೆ ಹತ್ತು ವರ್ಷ ಕಾಯಬಲ್ಲ ದುಡ್ಡು ದೇಶದಲ್ಲಿ ಕಡಿಮೆಯಾದದ್ದಕ್ಕೆ ಅದೇ ಮೂಲ. ಆಮೇಲಿನ ಐವತ್ತು ವರ್ಷದ ಇತಿಹಾಸವನ್ನು ನಾನು ಓದುವುದು ಹೀಗೆ: ಇಲ್ಲದ ಕೆರೆಗೆ ಬದಲಾಗಿ ಫ್ರೆಂಚ್ ಸರ್ಕಾರ ಒಂದಾದ ಮೇಲೊಂದು ಬಾವಿ ತೋಡುತ್ತಾ ಹೋಯಿತು. ಕೆಲವಕ್ಕೆ ನೀರು ಬಂತು.

ಡೊರಿಯೊ ಕೂಡ ತಾಯ್ನಾಡನ್ನು ಮರೆತಿರಲಿಲ್ಲ. 1957ರಲ್ಲಿ, ಅಂದರೆ ಡೆಕ್‌ಗೆ ದುಡ್ಡು ಹಾಕಿದ ವರ್ಷವೇ, ಇನ್ಸಿಯಾಡ್ ಎಂಬ ಬಿಸಿನೆಸ್ ಸ್ಕೂಲು ಹುಟ್ಟಲು ಕಾರಣರಾದರು. ಅದು ಪ್ಯಾರಿಸ್ ಪಕ್ಕದ ಫೊಂತೆನ್‌ಬ್ಲೋದಲ್ಲಿ ಬೇರೂರಿ ಈಗಲೂ ಹೆಸರುವಾಸಿಯಾಗಿದೆ. 1960ರ ದಶಕದಲ್ಲಿ ಅವರ ಮಾದರಿಯಲ್ಲೇ ಯುರೋಪಿನಲ್ಲೊಂದು ಬಂಡವಾಳ ಕಂಪನಿಯನ್ನೂ ಕಟ್ಟಿದರು. ಅದು 1970ರ ದಶಕದಲ್ಲಿ ಮುಚ್ಚಿಹೋಯಿತು. ದೇಶಕ್ಕೊಂದು ಕಾನೂನು, ದೇಶಕ್ಕೊಂದು ನಾಣ್ಯ. ಬೆಳೆದ ಕಂಪನಿಯನ್ನು ಮಾರೋಣವೆಂದರೆ ಕೊಳ್ಳುವ ಷೇರು ಮಾರುಕಟ್ಟೆ ಇಲ್ಲ.

ಫ್ರಾನ್ಸಿನಲ್ಲಿ ಉಳಿದು ಬೆಳೆದ ಮೊದಲ ದೊಡ್ಡ ಹೆಸರು ಸೋಫಿನೋವಾ, 1972ರದ್ದು. ಇವತ್ತಿಗೂ ಇದೆ, ಮುಖ್ಯವಾಗಿ ಜೀವವಿಜ್ಞಾನದ ಕಂಪನಿಗಳಿಗೆ ದುಡ್ಡು ಹಾಕುತ್ತದೆ. ಶುರುವಾಗಿ ಎರಡೇ ವರ್ಷಕ್ಕೆ ಅದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಚೇರಿ ತೆರೆಯಿತು ಅನ್ನುವುದರಲ್ಲೇ ಸಾಕಷ್ಟು ಅರ್ಥವಿದೆ.

1983 ಒಂದು ವಿಚಿತ್ರ ವರ್ಷ. ಮಿತ್ತರಾಂ ಅವರ ಸಮಾಜವಾದಿ ಸರ್ಕಾರ ಹಿಂದಿನ ವರ್ಷವಷ್ಟೇ ಬ್ಯಾಂಕುಗಳನ್ನೂ ದೊಡ್ಡ ಕೈಗಾರಿಕೆಗಳನ್ನೂ ರಾಷ್ಟ್ರೀಕರಣ ಮಾಡಿತ್ತು. ಅದೇ ಸರ್ಕಾರದ ಕಾಲದಲ್ಲಿ ಅಪಾಯ ಬಂಡವಾಳದ ನಿಧಿಗಳಿಗೆ ಕಾನೂನಿನ ಚೌಕಟ್ಟು ಬಂತು, ಚಿಕ್ಕ ಕಂಪನಿಗಳಿಗೆ ‘ಎರಡನೇ ಮಾರುಕಟ್ಟೆ’ ಎಂಬ ಷೇರು ಪೇಟೆ ಬಂತು, ಸಂಶೋಧನೆಗೆ ಖರ್ಚು ಮಾಡಿದ ಕಂಪನಿಗೆ ತೆರಿಗೆಯಲ್ಲಿ ವಾಪಸು ಕೊಡುವ ಪದ್ಧತಿಯೂ ಬಂತು. ಈ ಕೊನೆಯದು ಇವತ್ತಿಗೂ ನಡೆದಿದೆ. 2008ರ ಸುಧಾರಣೆಯ ನಂತರ ಖರ್ಚಿನ ಶೇಕಡಾ 30ರಷ್ಟು ಹಿಂದಿರುಗುತ್ತದೆ (10 ಕೋಟಿ ಯೂರೋ ತನಕ). ಪ್ರಯೋಗಾಲಯದಿಂದ ಹೊರಬಂದ ಎಷ್ಟೋ ಕಂಪನಿಗಳು ಮೊದಲ ನಾಲ್ಕೈದು ವರ್ಷ ಉಸಿರಾಡುವುದೇ ಈ ಹಣದಿಂದ.

ಪ್ರಯೋಗಾಲಯ ಅಂದಾಗ ಗ್ರೆನೋಬ್ಲ್‌ ಕಥೆ ಹೇಳದಿದ್ದರೆ ತಪ್ಪಾಗುತ್ತದೆ. ಆಲ್ಪ್ಸ್ ಬೆಟ್ಟಗಳ ಬುಡದಲ್ಲಿರುವ ಆ ಊರಿನಲ್ಲಿ ಅಣುಶಕ್ತಿ ಆಯೋಗದ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯ ಲೆತಿ ಇದೆ. ಅಲ್ಲಿ 1991ರಲ್ಲಿ ಮಿಶೆಲ್ ಬ್ರುಯೆಲ್ ಎಂಬ ಎಂಜಿನಿಯರು ‘ಸ್ಮಾರ್ಟ್ ಕಟ್’ ಎಂಬ ಉಪಾಯ ಕಂಡುಹಿಡಿದರು. ಸಿಲಿಕಾನ್ ಬಿಲ್ಲೆಯ ಮೇಲ್ಮೈಯಿಂದ ಒಂದಿಷ್ಟು ಆಳಕ್ಕೆ ಹೈಡ್ರೋಜನ್ ಅಯಾನುಗಳನ್ನು ತೂರಿಸುವುದು, ಆ ಬಿಲ್ಲೆಯನ್ನು ಮಗುಚಿ ಇನ್ನೊಂದರ ಮೇಲೆ ಅಂಟಿಸುವುದು, ಬಿಸಿ ಮಾಡುವುದು. ಹೈಡ್ರೋಜನ್ ಕೂತ ಗೆರೆಯುದ್ದಕ್ಕೂ ಬಿಲ್ಲೆ ಅಚ್ಚುಕಟ್ಟಾಗಿ ಸೀಳಿಕೊಳ್ಳುತ್ತದೆ. ಅತಿ ತೆಳುವಾದ ಸಿಲಿಕಾನ್ ಹಾಳೆ ಹೊಸ ಬಿಲ್ಲೆಗೆ ಅಂಟಿ ಉಳಿಯುತ್ತದೆ. ಹಾಳೆಯ ಕೆಳಗೆ ವಿದ್ಯುತ್ ಸೋರದಂತೆ ಆಕ್ಸೈಡಿನ ಪದರ. ಬಾಳೆ ದಿಂಡಿನ ಪದರ ಬಿಡಿಸಿದಂತೆ ಅಂದುಕೊಳ್ಳಿ, ಆದರೆ ಕೂದಲಿಗಿಂತ ಎಷ್ಟೋ ಪಟ್ಟು ತೆಳು.

ಇದನ್ನು ಹಿಡಿದು ಲೆತಿಯ ಇಬ್ಬರು, ಆಂದ್ರೆ-ಜಾಕ್ ಓಬರ್ತೋಂ-ಎರ್ವೆ ಮತ್ತು ಜಾಂ-ಮಿಶೆಲ್ ಲಾಮ್ಯೂರ್, 1992ರಲ್ಲಿ ಸೊಯ್ತೆಕ್ ಕಂಪನಿ ಕಟ್ಟಿದರು. ಕಾರ್ಖಾನೆ ಪಕ್ಕದ ಬೆರ್ನೆಂ ಎಂಬ ಊರಲ್ಲಿ. ಮೊದಲ ಹತ್ತಾರು ವರ್ಷ ಇಂಥ ಬಿಲ್ಲೆ ಯಾರಿಗೆ ಬೇಕು ಅನ್ನುವುದೇ ಖಚಿತವಿರಲಿಲ್ಲ. ನಡುವೆ ಸೌರಶಕ್ತಿಗೆ ಕೈಹಾಕಿ ಸುಟ್ಟುಕೊಂಡರು. 2016ರಲ್ಲಿ ಹೊಸ ಬಂಡವಾಳ ಬೇಕಾಯಿತು. ಆಗ ಬಂದವರು ಮೂವರು: ಫ್ರಾನ್ಸಿನ ಸರ್ಕಾರಿ ಹೂಡಿಕೆ ಬ್ಯಾಂಕು, ಅಣುಶಕ್ತಿ ಆಯೋಗದ ಹೂಡಿಕೆ ವಿಭಾಗ, ಮತ್ತು ಶಾಂಘೈನ ಒಂದು ಸಿಲಿಕಾನ್ ಗುಂಪು. ಇವತ್ತು ನಿಮ್ಮ ಕೈಯಲ್ಲಿರುವ ಸ್ಮಾರ್ಟ್‌ಫೋನಿನಲ್ಲಿ, ರೇಡಿಯೊ ಸಂಕೇತ ಹಿಡಿಯುವ ಚಿಪ್ಪಿನ ಬುಡದಲ್ಲಿ, ಈ ತಂತ್ರದ ಬಿಲ್ಲೆ ಇರುವ ಸಾಧ್ಯತೆ ಬಹಳ ಹೆಚ್ಚು. ನೋಡಿ, 1991ರಿಂದ ಲೆಕ್ಕ ಹಾಕಿದರೆ ಫಲ ಕಾಣಲು ಇಪ್ಪತ್ತೈದು ವರ್ಷ. ಮಾವಿನ ಮರವೇ ವಾಸಿ.

ಇನ್ನೊಂದು ಅಡ್ಡಿಯೂ ಇತ್ತು. ಫ್ರಾನ್ಸಿನಲ್ಲಿ ಸಂಶೋಧಕರು ಸರ್ಕಾರಿ ನೌಕರರು. ತಾನು ಕಂಡುಹಿಡಿದದ್ದನ್ನು ಬಳಸುವ ಕಂಪನಿಯಲ್ಲಿ ಪಾಲು ಇಟ್ಟುಕೊಂಡರೆ ಅದು ಅಕ್ರಮ ಲಾಭ ಎಂಬ ಅಪರಾಧವಾಗುವ ಭಯ. 1999ರ ಜುಲೈನಲ್ಲಿ ಮಂತ್ರಿ ಕ್ಲೋದ್ ಅಲೆಗ್ರ್ ಕಾಲದಲ್ಲಿ ಬಂದ ಕಾನೂನು ಇದನ್ನು ಬಿಡಿಸಿತು: ಆರು ವರ್ಷದ ತನಕ ಕಂಪನಿ ಕಟ್ಟಲು ಹೋಗಬಹುದಿತ್ತು, ನೌಕರಿ ಕಾದಿರುತ್ತಿತ್ತು. ನಮ್ಮಲ್ಲಿ ‘ಲೀನ್’ ಇಟ್ಟು ಹೋಗುವುದು ಅನ್ನುತ್ತಾರಲ್ಲ, ಹಾಗೆ. ಅದೇ ವರ್ಷ ವಿಜ್ಞಾನದ ಕಂಪನಿಗಳಿಗಾಗಿ ರಾಷ್ಟ್ರೀಯ ಸ್ಪರ್ಧೆಯೂ ಶುರುವಾಯಿತು. ಇಂಥ ಸಣ್ಣ ಕಾನೂನುಗಳ ಬಗ್ಗೆ ಯಾರೂ ಪುಸ್ತಕ ಬರೆಯುವುದಿಲ್ಲ. ಆದರೆ ದೊಡ್ಡ ದೊಡ್ಡ ಭಾಷಣಗಳಿಗಿಂತ ಇದು ಹೆಚ್ಚು ಕೆಲಸ ಮಾಡಿತು ಅಂತ ನನ್ನ ಅನಿಸಿಕೆ.

1990ರ ದಶಕದಲ್ಲಿ ತೋಡಿದ ಎರಡು ಬಾವಿಗಳ ಕಥೆ ಮಜವಾಗಿದೆ. ಮೊದಲನೆಯದು 1996ರ ‘ನುವೋ ಮಾರ್ಷೆ’, ಹೊಸ ಮಾರುಕಟ್ಟೆ. ಅಮೆರಿಕದ ನಾಸ್‌ಡಾಕ್‌ಗೆ ಪ್ಯಾರಿಸ್ಸಿನ ಉತ್ತರ. ಲಾಭ ಇನ್ನೂ ಕಾಣದ ಕಂಪನಿಗಳೂ ಷೇರು ಮಾರಬಹುದು. ಜೀನ್ ನಕ್ಷೆಯ ಕಂಪನಿ ಝೆನ್‌ಸೆ ಆ ವರ್ಷವೇ ಪ್ಯಾರಿಸ್ಸು, ನ್ಯೂಯಾರ್ಕು ಎರಡೂ ಕಡೆ ಒಟ್ಟಿಗೆ ಷೇರು ಮಾರಿತು, ದೇಶಕ್ಕೇ ಹೆಮ್ಮೆ. 2000ದಲ್ಲಿ ಡಾಟ್‌ಕಾಮ್ ಗುಳ್ಳೆ ಒಡೆಯಿತು. ಝೆನ್‌ಸೆ 2002ರಲ್ಲಿ ಸ್ವಿಸ್ ಕಂಪನಿ ಸೆರೋನೋ ಪಾಲಾಯಿತು. ಹೊಸ ಮಾರುಕಟ್ಟೆಯೇ 2005ರಲ್ಲಿ ಮುಚ್ಚಿತು. ಬಿಸಿನೆಸ್ ಆಬ್ಜೆಕ್ಟ್ಸ್‌ನವರು ಜಾಣರು, ಅವರು 1994ರಲ್ಲೇ ನೇರ ನಾಸ್‌ಡಾಕ್‌ಗೆ ಹೋಗಿದ್ದರು. ಅದನ್ನು 2008ರಲ್ಲಿ ಜರ್ಮನಿಯ ಎಸ್‌ಎಪಿ ಕೊಂಡಿತು.

ಎರಡನೆಯದು ಎಫ್‌ಸಿಪಿಐ ಎಂಬ ನಿಧಿಗಳು, 1997ರಿಂದ. ಇದು ನಮಗೆ ಬಹಳ ಬೇಗ ಅರ್ಥವಾಗುವಂಥದ್ದು. ಮಾರ್ಚ್ ತಿಂಗಳು ಬಂತೆಂದರೆ ನಮ್ಮ ಆಫೀಸುಗಳಲ್ಲಿ ತೆರಿಗೆ ಉಳಿಸಲು ಎಲ್ಲೆಲ್ಲೋ ದುಡ್ಡು ಹಾಕುವ ಗಡಿಬಿಡಿ ಇರುತ್ತಿತ್ತಲ್ಲ? ಅವರಿಗೆ ಡಿಸೆಂಬರಿನಲ್ಲಿ ಆ ಗಡಿಬಿಡಿ. ಬ್ಯಾಂಕಿನ ಕೌಂಟರಿನಲ್ಲಿ ಸಾಮಾನ್ಯ ಜನ ಈ ನಿಧಿಗೆ ದುಡ್ಡು ಕಟ್ಟಿದರೆ ಕಟ್ಟಿದ್ದರ ಶೇಕಡಾ 25 ತೆರಿಗೆಯಲ್ಲಿ ವಜಾ ಆಗುತ್ತಿತ್ತು. ನಿಧಿಯ ಕನಿಷ್ಠ ಶೇಕಡಾ 60 ಹೊಸ ತಂತ್ರಜ್ಞಾನದ ಕಂಪನಿಗಳಿಗೆ ಹೋಗಬೇಕಿತ್ತು. ಹೀಗೆ ಲಿಯೋಂನ ಹಲ್ಲಿನ ಡಾಕ್ಟರು, ನಾಂತ್‌ನ ವಕೀಲರು ತಮಗೆ ಹೆಸರೂ ಗೊತ್ತಿಲ್ಲದ ಲೇಸರ್ ಕಂಪನಿಗಳಿಗೆ ಬಂಡವಾಳಗಾರರಾದರು!

ದುಡ್ಡು ಬಂತು, ನಿಜ. 2000ದ ಕುಸಿತದ ನಂತರ ಬೇರೆಯವರೆಲ್ಲ ಓಡಿಹೋದಾಗ ಎಷ್ಟೋ ಚಿಕ್ಕ ಕಂಪನಿಗಳನ್ನು ಬದುಕಿಸಿದ್ದು ಈ ನಿಧಿಗಳೇ. ಆದರೆ ಕಟ್ಟಿದವರ ಕಣ್ಣೆಲ್ಲ ತೆರಿಗೆಯ ಮೇಲೆ. ಬ್ಯಾಂಕಿನವರಿಗೆ ಮೊದಲ ದಿನವೇ ಕಮಿಷನ್ನು. ಹಣವನ್ನು ಇಂತಿಷ್ಟು ತಿಂಗಳೊಳಗೆ ಹೂಡಲೇಬೇಕು, ಎಂಟು ಹತ್ತು ವರ್ಷಕ್ಕೆ ನಿಧಿ ಮುಚ್ಚಲೇಬೇಕು. ಒಂದೇ ಕಂಪನಿಗೆ ಬಹಳ ಸುರಿಯುವ ಹಾಗಿಲ್ಲ. ಹೀಗಾಗಿ ನೂರು ಸಸಿಗೆ ಒಂದೊಂದು ಚೊಂಬು ನೀರು. ಯಾವುದಕ್ಕೂ ಬೇರು ತೋಯುವಷ್ಟು ಇಲ್ಲ. ಅನೇಕ ನಿಧಿಗಳು ಜನ ಕಟ್ಟಿದ ಅಸಲನ್ನೂ ಹಿಂದಿರುಗಿಸಲಿಲ್ಲ. ತೆರಿಗೆ ವಜಾ ಸೇರಿಸಿ ಲೆಕ್ಕ ಹಾಕಿ ಸಮಾಧಾನ ಮಾಡಿಕೊಂಡವರೇ ಹೆಚ್ಚು.

ಸರ್ಕಾರಿ ಸಂಸ್ಥೆಗಳ ಹೆಸರು ಬದಲಾವಣೆಯ ಪುರಾಣವನ್ನು ಚಿಕ್ಕದಾಗಿ ಮುಗಿಸುತ್ತೇನೆ. 1960ರ ದಶಕದ ಆನ್ವಾರ್ 2005ರಲ್ಲಿ ಓಸಿಯೋ ಆಯಿತು. 2012ರ ಕೊನೆಯ ದಿನ ಸಹಿಯಾದ ಕಾನೂನಿನಿಂದ ಅದೂ ಇನ್ನೊಂದೆರಡೂ ಸೇರಿ ಬೆಪೆಇಫ್ರಾನ್ಸ್ ಎಂಬ ಸರ್ಕಾರಿ ಹೂಡಿಕೆ ಬ್ಯಾಂಕಾಯಿತು. ಸೊಯ್ತೆಕ್‌ಗೆ ಬಂದ ಸರ್ಕಾರಿ ಬ್ಯಾಂಕು ಇದೇ. ಸಾಲ, ಅನುದಾನ, ಷೇರು ಎಲ್ಲ ಒಂದೇ ಸೂರಿನಡಿ. ಖಾಸಗಿ ನಿಧಿಗಳಿಗೂ ದುಡ್ಡು ಹಾಕುತ್ತದೆ. ಇವತ್ತು ಫ್ರಾನ್ಸಿನ ಯಾವುದೇ ವಿಜ್ಞಾನ ಕಂಪನಿಯ ಪಾಲುದಾರರ ಪಟ್ಟಿ ತೆಗೆದರೂ ನೇರವಾಗಿಯೋ ಸುತ್ತಿ ಬಳಸಿಯೋ ಇದರ ಹೆಸರು ಸಿಕ್ಕೇ ಸಿಗುತ್ತದೆ.

ಅದೇ 2012ರ ಶರತ್ಕಾಲದಲ್ಲಿ ಒಂದು ಗಲಾಟೆ. ಕಂಪನಿ ಮಾರಿ ಬಂದ ಲಾಭಕ್ಕೆ ತೆರಿಗೆ ಏರಿಸಲು ಒಲಾಂದ್ ಸರ್ಕಾರ ಹೊರಟಿತು. ಸ್ಟಾರ್ಟಪ್‌ನವರು ಇಂಟರ್ನೆಟ್ಟಿನಲ್ಲಿ ‘ಪಿಜೋಂ’ಗಳೆಂದು, ಅಂದರೆ ಪಾರಿವಾಳಗಳೆಂದು, ಹೆಸರಿಟ್ಟುಕೊಂಡು ಗದ್ದಲ ಎಬ್ಬಿಸಿದರು. ಫ್ರೆಂಚಿನಲ್ಲಿ ಪಾರಿವಾಳ ಅಂದರೆ ಮೋಸಹೋಗುವ ಬೆಪ್ಪ. ಸರ್ಕಾರ ಕೆಲವೇ ದಿನಕ್ಕೆ ಹಿಂದೆ ಸರಿಯಿತು. ಮರುವರ್ಷದ ಕೊನೆಗೆ ಅದೇ ಸರ್ಕಾರ ‘ಫ್ರೆಂಚ್ ಟೆಕ್’ ಅಂತ ಕೆಂಪು ಹುಂಜದ ಲಾಂಛನ ಹಿಡಿದು ಸ್ಟಾರ್ಟಪ್‌ಗಳ ಜಾತ್ರೆ ಮಾಡಿತು :)

ಇಷ್ಟೆಲ್ಲ ಮೆಟ್ಟಿಲು ಕಟ್ಟಿದರೂ ಮೇಲಿನ ಮೆಟ್ಟಿಲು ಇರಲಿಲ್ಲ. ಹತ್ತು ಲಕ್ಷ ಯೂರೋ ಸಿಗುತ್ತಿತ್ತು. ಹತ್ತು ಕೋಟಿ ಕೇಳಿದರೆ ಸಿಗುತ್ತಿರಲಿಲ್ಲ. ಇದಕ್ಕೆ ಉದಾಹರಣೆಯಾಗಿ ನನಗೆ ತುಂಬ ಕಾಡುವುದು ಅಲ್ದೆಬರಾನ್.

ಬ್ರೂನೋ ಮೆಸೋನಿಯೆ 2005ರಲ್ಲಿ ಪ್ಯಾರಿಸ್ಸಿನಲ್ಲಿ ಕಟ್ಟಿದ ಕಂಪನಿ ಅದು. ಅವರ ‘ನಾವೋ’ 58 ಸೆಂಟಿಮೀಟರಿನ ಪುಟಾಣಿ ಮನುಷ್ಯಾಕಾರದ ರೋಬೋ. ನಡೆಯುತ್ತದೆ, ಬಿದ್ದರೆ ಎದ್ದು ನಿಲ್ಲುತ್ತದೆ, ಮಾತಾಡುತ್ತದೆ. ರೋಬೋಗಳ ಫುಟ್‌ಬಾಲ್ ಪಂದ್ಯ ‘ರೋಬೋಕಪ್’ನಲ್ಲಿ ಎಲ್ಲ ತಂಡಗಳೂ ಒಂದೇ ಯಂತ್ರ ಬಳಸುವ ವಿಭಾಗವೊಂದಿತ್ತು. ಅಲ್ಲಿ ಸೋನಿಯ ನಾಯಿ ರೋಬೋ ‘ಐಬೋ’ದ ಜಾಗಕ್ಕೆ 2008ರಲ್ಲಿ ಬಂದದ್ದು ಈ ನಾವೋ. ಜಗತ್ತಿನ ನೂರಾರು ವಿಶ್ವವಿದ್ಯಾಲಯಗಳು ಕೊಂಡವು. ಮೊದಲು ಫ್ರೆಂಚ್ ನಿಧಿಗಳು, 2011ರಲ್ಲಿ ಇಂಟೆಲ್‌ನ ಬಂಡವಾಳ ವಿಭಾಗ ದುಡ್ಡು ಹಾಕಿದವು. ಆದರೆ ರೋಬೋ ಮಾಡುವುದೆಂದರೆ ವೆಬ್‌ಸೈಟು ಮಾಡಿದಂತಲ್ಲ. ಮೋಟಾರು, ಗೇರು, ಅಚ್ಚು, ಕಾರ್ಖಾನೆ, ಎಲ್ಲಕ್ಕೂ ಸುರಿಯಬೇಕು. 2012ರಲ್ಲಿ ಜಪಾನಿನ ಸಾಫ್ಟ್‌ಬ್ಯಾಂಕ್ ಸುಮಾರು 10 ಕೋಟಿ ಡಾಲರು ಕೊಟ್ಟು ಸಿಂಹಪಾಲು ಕೊಂಡಿತು. 2014ರಲ್ಲಿ ‘ಪೆಪ್ಪರ್’ ಬಂತು, ಅಂಗಡಿ ಬಾಗಿಲಲ್ಲಿ ನಿಂತು ನಮಸ್ಕಾರ ಹೇಳುವ ಬಿಳಿ ರೋಬೋ. ಅಂದುಕೊಂಡಷ್ಟು ನಡೆಯಲಿಲ್ಲ, ತಯಾರಿಕೆ ನಿಂತಿತು. 2022ರಲ್ಲಿ ಸಾಫ್ಟ್‌ಬ್ಯಾಂಕ್ ಕಂಪನಿಯನ್ನು ಜರ್ಮನಿಯ ಗುಂಪೊಂದಕ್ಕೆ ಕೊಟ್ಟು ಕೈತೊಳೆದುಕೊಂಡಿತು. ಆ ಗುಂಪಿಗೂ ಆಗಲಿಲ್ಲ. 2025ರ ಜೂನ್‌ನಲ್ಲಿ ಪ್ಯಾರಿಸ್ಸಿನ ವಾಣಿಜ್ಯ ನ್ಯಾಯಾಲಯದಲ್ಲಿ ಕಂಪನಿ ಮುಚ್ಚುವ ಆದೇಶ. ಉಳಿದ ಆಸ್ತಿಯನ್ನು ಜುಲೈನಲ್ಲಿ ಚೀನಾದ ಶೆಂಜೆನ್‌ನ ಮ್ಯಾಕ್ಸ್‌ವಿಷನ್ ಕೊಂಡುಕೊಂಡಿತು.

ಪ್ಯಾರಿಸ್, ಟೋಕಿಯೋ, ಜರ್ಮನಿ, ಶೆಂಜೆನ್. ಹೊರಗಿನವರಿಗೆ ಮಾರಿದ್ದೇ ದ್ರೋಹ ಅನ್ನುವವರ ಸಾಲಿಗೆ ನಾನು ಸೇರುವುದಿಲ್ಲ. 2012ರಲ್ಲಿ ಸಾಫ್ಟ್‌ಬ್ಯಾಂಕ್ ಬರದಿದ್ದರೆ ಕಂಪನಿ ಇನ್ನೂ ಬೇಗ ಕಣ್ಣು ಮುಚ್ಚುತ್ತಿತ್ತೇನೋ. ಆದರೆ ಒಬ್ಬರಿಗೆ ಸಾಕಾದಾಗ ಕೈಬಿಡುವ, ಇನ್ನೊಬ್ಬರು ಅಗ್ಗವಾದಾಗ ಎತ್ತಿಕೊಳ್ಳುವ ಈ ಪ್ರಯಾಣದಲ್ಲಿ ಆ ಎಂಜಿನಿಯರುಗಳ ಇಪ್ಪತ್ತು ವರ್ಷದ ಕೆಲಸಕ್ಕೆ ಏನಾಯಿತು ಅಂತ ಯೋಚಿಸಿದರೆ ಬೇಜಾರಾಗುತ್ತದೆ.

ಮೇಲಿನ ಮೆಟ್ಟಿಲಿನ ಕೊರತೆಯನ್ನು ಅಧಿಕೃತವಾಗಿ ಬರೆದಿಟ್ಟದ್ದು ಅರ್ಥಶಾಸ್ತ್ರಜ್ಞ ಫಿಲಿಪ್ ತಿಬಿ, 2019ರ ವರದಿಯಲ್ಲಿ. ಪಿಂಚಣಿ ನಿಧಿ ಇಲ್ಲ, ಸರಿ. ಆದರೆ ಫ್ರೆಂಚರ ಉಳಿತಾಯವೆಲ್ಲ ಜೀವವಿಮೆಯಲ್ಲಿದೆ. ಸುಮಾರು ಎರಡು ಲಕ್ಷ ಕೋಟಿ ಯೂರೋ. ಅದರಲ್ಲೊಂದು ಚಮಚ ಈ ಕಡೆ ಹಾಕಿ ಅಂತ ವಿಮಾ ಕಂಪನಿಗಳನ್ನು ಒಪ್ಪಿಸಿದರು. ಮೊದಲ ಕಂತಿನಲ್ಲಿ 600 ಕೋಟಿ ಯೂರೋ ಭರವಸೆ. ಅರ್ಧ ಶತಮಾನದ ಮೇಲೆ ಕೆರೆಯಂಥದ್ದೊಂದು ಸಿಕ್ಕಿತು.

ಆಮೇಲಿನದ್ದು ನಿಮಗೂ ಗೊತ್ತಿರುವ ಕಾಲ. ಎರ್ನ್ಸ್ಟ್ ಅಂಡ್ ಯಂಗ್ ಸಂಸ್ಥೆಯ ಲೆಕ್ಕದಂತೆ ಫ್ರೆಂಚ್ ಸ್ಟಾರ್ಟಪ್‌ಗಳು 2021ರಲ್ಲಿ ಸುಮಾರು 1,160 ಕೋಟಿ ಯೂರೋ ಎತ್ತಿದವು, 2022ರಲ್ಲಿ 1,350 ಕೋಟಿ. ಬಡ್ಡಿದರ ಏರಿತು, 2023ರಲ್ಲಿ 830 ಕೋಟಿಗೆ ಬಿತ್ತು. ಸುಲಭದ ದುಡ್ಡು ಬಂದಾಗ ಕಟ್ಟಿದ್ದೆಲ್ಲ ನಿಲ್ಲಲಿಲ್ಲ. ಟುಲೂಸ್ ಪಕ್ಕದ ಸಿಗ್‌ಫಾಕ್ಸ್, ಸಣ್ಣ ಸಾಧನಗಳಿಗಾಗಿಯೇ ಜಗತ್ತಿನಾದ್ಯಂತ ರೇಡಿಯೊ ಜಾಲ ಹೆಣೆಯಲು ಹೊರಟಿದ್ದು, 2022ರಲ್ಲಿ ಸಿಂಗಪುರದ ಯುನಾಬಿಜ್ ಪಾಲಾಯಿತು. ಹುಳು ಸಾಕಿ ಪಶು ಆಹಾರ ಮಾಡುವ ಇನ್ಸೆಕ್ಟ್, 50 ಕೋಟಿ ಯೂರೋಗೂ ಹೆಚ್ಚು ನುಂಗಿ, ಅಮಿಯೆಂ ಹತ್ತಿರ ಬೃಹತ್ ಕಾರ್ಖಾನೆ ಕಟ್ಟಿ, 2025ರ ಡಿಸೆಂಬರಿನಲ್ಲಿ ಮುಚ್ಚಿತು. ಮೊದಲು ದುಡ್ಡಿಲ್ಲದೆ ಸತ್ತರು, ಈಗ ದುಡ್ಡಿದ್ದೂ ಸಾಯುತ್ತಾರೆ ಅಂತ ಯಾರಾದರೂ ಕುಹಕವಾಡಬಹುದು. ನನಗೆ ಇದು ಮುಂದಿನ ಹೆಜ್ಜೆಯಂತೆ ಕಾಣುತ್ತದೆ. ಸೋಲಲು ಬಿಡುವುದೂ ಆ ಕಸುಬಿನ ಭಾಗವೇ. ಡೊರಿಯೊ ಹೂಡಿದ್ದೆಲ್ಲ ಡೆಕ್ ಆಗಲಿಲ್ಲ.

ಭೌತವಿಜ್ಞಾನಿ ಆಲೇಂ ಆಸ್ಪೆ 1982ರಲ್ಲಿ ಓರ್ಸೆಯಲ್ಲಿ ಮಾಡಿದ ಫೋಟಾನ್ ಪ್ರಯೋಗಗಳಿಗೆ 2022ರಲ್ಲಿ ನೊಬೆಲ್ ಬಂತು. ಅವರೂ ಸಹಸ್ಥಾಪಕರಾಗಿರುವ ಪಾಸ್ಕಾಲ್ ಎಂಬ ಕ್ವಾಂಟಂ ಕಂಪ್ಯೂಟರ್ ಕಂಪನಿ 2019ರದ್ದು. ಬೀಜ ಹಣ ಪ್ಯಾರಿಸ್ಸಿನದ್ದೇ. 2023ರಲ್ಲಿ 10 ಕೋಟಿ ಯೂರೋ ಬೇಕಾದಾಗ ಮುಂದೆ ನಿಂತದ್ದು ಸಿಂಗಪುರದ ತೆಮಾಸೆಕ್. ಕೃತಕ ಬುದ್ಧಿಮತ್ತೆಯ ಮಿಸ್ಟ್ರಾಲ್, ಹುಟ್ಟಿ ಎರಡೇ ತಿಂಗಳಿಗೆ, 2023ರ ಜೂನ್‌ನಲ್ಲಿ 10.5 ಕೋಟಿ ಯೂರೋ ಎತ್ತಿತು. ಮುಂದಾಳು ಕ್ಯಾಲಿಫೋರ್ನಿಯದ ಲೈಟ್‌ಸ್ಪೀಡ್. ಅದೇ ಡಿಸೆಂಬರಿನಲ್ಲಿ ಮತ್ತೆ ಕ್ಯಾಲಿಫೋರ್ನಿಯದವರೇ. 2025ರ ಸೆಪ್ಟೆಂಬರಿನ 170 ಕೋಟಿ ಯೂರೋ ಸುತ್ತಿನಲ್ಲಿ ಮಾತ್ರ 130 ಕೋಟಿ ಹಾಕಿದ್ದು ನೆದರ್ಲೆಂಡ್ಸಿನ ಎಎಸ್‌ಎಂಎಲ್, ಚಿಪ್ಪು ಮುದ್ರಿಸುವ ಯಂತ್ರ ಮಾಡುವವರು. ಪ್ಯಾರಿಸ್ಸಿನಿಂದ ಅವರ ಊರು ಫೆಲ್ಡ್‌ಹೋವನ್‌ಗೆ ಕಾರಿನಲ್ಲಿ ಐದು ಗಂಟೆಯೊಳಗೆ ಹೋಗಬಹುದು.

ಅಂದಹಾಗೆ, ಪಿಡಿಪಿ ಅಥವಾ ವ್ಯಾಕ್ಸ್ ಮೇಲೆ ಕೆಲಸ ಮಾಡಿದ ಹಿರಿಯರು ಇದನ್ನು ಓದುತ್ತಿದ್ದರೆ ದಯವಿಟ್ಟು ಬರೆಯಿರಿ. ಆ ಯಂತ್ರಗಳು ಇಲ್ಲಿಗೆ ಬಂದ ಬಗೆ, ಆಗಿನ ಲೈಸೆನ್ಸು, ಕಸ್ಟಮ್ಸು, ಬೆಲೆ ಇವುಗಳ ಬಗ್ಗೆ ಕನ್ನಡದಲ್ಲಿ ಓದಲು ನನಗೆ ಸಿಕ್ಕಿದ್ದು ತೀರ ಕಡಿಮೆ.